ಒಟ್ಟು ಲೆಕ್ಕದಲ್ಲಿ ಕಾಣದಾಗುವ ಊರು

ಚುನಾವಣೆಯ ಮತ ಎಣಿಕೆ ಒಂದೇ ಮೇಜಿನ ಮೇಲೆ ನಡೆಯುವುದಿಲ್ಲ. ಹಲವು ಮೇಜುಗಳಲ್ಲಿ ಏಕಕಾಲಕ್ಕೆ ಎಣಿಕೆ ನಡೆದು, ಆ ಬಳಿಕ ಎಲ್ಲ ಮೇಜುಗಳ ಅಂಕಿಗಳನ್ನು ಕೂಡಿಸಲಾಗುತ್ತದೆ. ಕೋಟ್ಯಂತರ ದಾಖಲೆಗಳಲ್ಲಿ ಯಾವುದರೊಡನೆ ಯಾವುದು ಸೇರಿ ಬರುತ್ತದೆಂದು ಹುಡುಕುವ ಗಣಕಯಂತ್ರಗಳೂ ಇದೇ ಉಪಾಯವನ್ನು ಅನುಸರಿಸುತ್ತವೆ.

ಹೀಗೆ ದೊರೆತ ಸಂಬಂಧವನ್ನು 'ಸಾಹಚರ್ಯ ನಿಯಮ' ಎನ್ನಬಹುದು. ನೋಟುಪುಸ್ತಕ ಕೊಂಡವರು ಪೆನ್ಸಿಲನ್ನೂ ಕೊಳ್ಳುತ್ತಾರೆ ಎಂಬುದು ಅಂಥ ಒಂದು ನಿಯಮ. ನೂರು ರಸೀದಿಗಳ ಪೈಕಿ 20ರಲ್ಲಿ ಎರಡೂ ಇದ್ದರೆ ಅದರ 'ಬೆಂಬಲ' ಶೇಕಡಾ 20. ನೋಟುಪುಸ್ತಕವಿರುವ ರಸೀದಿಗಳು 25 ಇದ್ದು, ಅವುಗಳಲ್ಲಿ 20ರಲ್ಲಿ ಪೆನ್ಸಿಲ್ ಇದ್ದರೆ 'ವಿಶ್ವಾಸ' ಶೇಕಡಾ 80. ಈ ವಿಚಾರವನ್ನು ರಾಕೇಶ್ ಅಗ್ರವಾಲ್ ಮತ್ತು ಅವರ ಇಬ್ಬರು ಸಂಗಡಿಗರು 1993ರಲ್ಲಿ ಮಂಡಿಸಿದರು.

ತೊಡಕಿರುವುದು ಎಣಿಕೆಯಲ್ಲಿ. ಅಂಗಡಿಯಲ್ಲಿ ಸಾವಿರ ಬಗೆಯ ಸರಕುಗಳಿದ್ದರೆ ಅವುಗಳ ಜೋಡಿಗಳು 4,99,500; ಮೂರು ಮೂರರ ಗುಂಪುಗಳು 16,61,67,000. ಇದಕ್ಕೆ 1994ರಲ್ಲಿ ಅಗ್ರವಾಲ್ ಹಾಗೂ ರಾಮಕೃಷ್ಣನ್ ಶ್ರೀಕಾಂತ್ ಸರಳವಾದ ಹಾದಿಯೊಂದನ್ನು ತೋರಿದರು: ಒಂದು ಜೋಡಿಯೇ ವಿರಳವಾಗಿದ್ದರೆ, ಅದನ್ನೊಳಗೊಂಡ ದೊಡ್ಡ ಗುಂಪೂ ವಿರಳವಾಗಿಯೇ ಇರುತ್ತದೆ, ಅದನ್ನು ಎಣಿಸಬೇಕಾದುದೇ ಇಲ್ಲ. 1996ರಲ್ಲಿ ಅಗ್ರವಾಲ್ ಮತ್ತು ಜಾನ್ ಶೇಫರ್ ಈ ಕೆಲಸವನ್ನು ಅನೇಕ ಗಣಕಗಳಿಗೆ ಹಂಚುವ ವಿಧಾನಗಳನ್ನು ವಿವರಿಸಿದರು. ಅವುಗಳಲ್ಲೊಂದರಲ್ಲಿ ಪ್ರತಿ ಗಣಕವೂ ತನ್ನ ಪಾಲಿನ ದಾಖಲೆಗಳನ್ನು ತಾನೇ ಎಣಿಸಿ, ಅಂಕಿಗಳನ್ನಷ್ಟೇ ಇತರ ಗಣಕಗಳೊಡನೆ ಹಂಚಿಕೊಳ್ಳುತ್ತದೆ.

ಆದರೆ ಕೂಡಿಸಿದ ಮೇಲೆ ಒಂದು ಜರಡಿಯಿದೆ. ನಿಗದಿಯಾದ ಕನಿಷ್ಠ ಬೆಂಬಲವನ್ನು ಮುಟ್ಟದ ಗುಂಪುಗಳೆಲ್ಲ ಅಲ್ಲಿ ಉದುರಿಹೋಗುತ್ತವೆ. ಒಟ್ಟಿನಲ್ಲಿ ಆ ಶೇಕಡಾ ಪ್ರಮಾಣವನ್ನು ಮುಟ್ಟಿದ ಗುಂಪು ಯಾವುದಾದರೊಂದು ಭಾಗದಲ್ಲಿಯೂ ಅದನ್ನು ಮುಟ್ಟಿರಲೇಬೇಕು. ಇದರ ವಿಲೋಮ ಮಾತ್ರ ನಿಜವಲ್ಲ: ಒಂದು ಭಾಗದಲ್ಲಿ ಹೇರಳವಾಗಿರುವುದು ಒಟ್ಟಿನಲ್ಲಿ ಅಳಿಸಿಹೋಗಬಹುದು.

ಉದಾಹರಣೆಗೆ, ಹಲವು ಊರುಗಳಲ್ಲಿ ಮಳಿಗೆಗಳಿರುವ ಒಬ್ಬ ವ್ಯಾಪಾರಿಯ ಬಳಿ 10 ಲಕ್ಷ ರಸೀದಿಗಳಿವೆ ಎಂದಿಟ್ಟುಕೊಳ್ಳಬಹುದು. ಗಡಿಯ ಒಂದು ಊರಿನ 5,000 ರಸೀದಿಗಳ ಪೈಕಿ 500ರಲ್ಲಿ ಕನ್ನಡ ಕಾಪಿ ಪುಸ್ತಕವೂ ಕನ್ನಡ ಮಗ್ಗಿ ಪುಸ್ತಕವೂ ಒಟ್ಟಿಗಿವೆ, ಬೇರೆಲ್ಲಿಯೂ ಇಲ್ಲ. ಆ ಊರಿನಲ್ಲಿ ಬೆಂಬಲ ಶೇಕಡಾ 10. ಒಟ್ಟಿನಲ್ಲಿ ಶೇಕಡಾ 0.05. ಜರಡಿ ಶೇಕಡಾ 1ರದ್ದಾದರೆ, ಕನ್ನಡ ಪುಸ್ತಕಗಳಿಗೆ ಬೇಡಿಕೆಯೇ ಇಲ್ಲವೆಂಬಂತೆ ಫಲಿತಾಂಶ ಬರುತ್ತದೆ. ಅದನ್ನೇ ನೆಚ್ಚಿದ ವ್ಯಾಪಾರಿ ಮುಂದಿನ ಜೂನ್‌ನಲ್ಲಿ ಆ ಪುಸ್ತಕಗಳನ್ನು ತರಿಸದೆ ಹೋದರೆ, ಮಕ್ಕಳು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಇಲ್ಲಿ ಗಣಕ ತಪ್ಪಿಲ್ಲ. ಅದರ ಎಣಿಕೆ ಸರಿಯಾಗಿಯೇ ಇದೆ. ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕು, ಯಾವ ಗುಡ್ಡೆಯನ್ನು ಒಟ್ಟೆಂದು ಎಣಿಸಬೇಕು ಎಂಬುದನ್ನು ನಿರ್ಧರಿಸುವವರು ಮನುಷ್ಯರು. ಒಟ್ಟು ಲೆಕ್ಕದ ಜೊತೆಗೆ ಊರೂರಿನ ಲೆಕ್ಕವನ್ನೂ ಬೇರೆಯಾಗಿ ನೋಡಿದರೆ ಆ 500 ರಸೀದಿಗಳು ಮತ್ತೆ ಕಣ್ಣಿಗೆ ಬೀಳುತ್ತವೆ. ಶೇಕಡಾವಾರು ಲೆಕ್ಕ ಕಲಿಯುವ ವಿದ್ಯಾರ್ಥಿ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಶೇಕಡಾ ಎಷ್ಟು ಎಂಬುದಕ್ಕಿಂತ ಮುಂಚೆ, ಯಾವುದರ ಶೇಕಡಾ?