ಮುಂಗಾಲೆತ್ತಿದ ಕುದುರೆ

ಇಟಲಿಯ ಉತ್ತರ ಭಾಗದಲ್ಲಿ ಮೊಡೆನ ಎಂಬ ಪ್ರಾಚೀನ ನಗರವಿದೆ. ಅದರ ದಕ್ಷಿಣಕ್ಕೆ, ಸ್ವಲ್ಪ ದೂರದಲ್ಲಿಯೇ, ಮಾರನೆಲ್ಲೊ ಎಂಬ ಸಣ್ಣ ಊರು. ಕೆಲವು ಭಾನುವಾರಗಳಂದು ಈ ಊರಿನ ಚರ್ಚಿನ ಗಂಟೆಗಳು ವೇಳೆಯಲ್ಲದ ವೇಳೆಯಲ್ಲಿ ಮೊಳಗುವುದುಂಟು. ಅದು ಪ್ರಾರ್ಥನೆಯ ಕರೆಯಲ್ಲ. ಹಬ್ಬದ ಸೂಚನೆಯೂ ಅಲ್ಲ. ಪ್ರಪಂಚದ ಯಾವುದೋ ಮೂಲೆಯಲ್ಲಿ ನಡೆದ ಮೋಟಾರು ಪಂದ್ಯದಲ್ಲಿ ಕೆಂಪು ಬಣ್ಣದ ಕಾರೊಂದು ಗೆದ್ದಿದೆ ಎಂಬುದೇ ಅದರ ಅರ್ಥ. ಆ ಕಾರಿನ ಹೆಸರು ಫೆರಾರಿ. ಹಳದಿ ಹಿನ್ನೆಲೆಯ ಮೇಲೆ ಮುಂಗಾಲುಗಳನ್ನೆತ್ತಿ ನಿಂತ ಕಪ್ಪು ಕುದುರೆ ಅದರ ಲಾಂಛನ. ಒಂದು ಕಾರ್ಖಾನೆಯ ಗೆಲುವು ಒಂದು ಊರಿನ ಹಬ್ಬವಾದುದು ಹೇಗೆ? ವರ್ಷಕ್ಕೆ ಕೆಲವೇ ಸಾವಿರ ಕಾರುಗಳನ್ನು ತಯಾರಿಸುವ ಸಂಸ್ಥೆಯೊಂದು ಜಗತ್ತಿನ ಪೇಟೆಯಲ್ಲಿ ಇಷ್ಟು ಉನ್ನತವಾದ ಸ್ಥಾನವನ್ನು ಪಡೆದುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಎನ್ಜೊ ಫೆರಾರಿ ಎಂಬ ಮನುಷ್ಯನ ಜೀವನದಲ್ಲಿ ಹುಡುಕಬೇಕು.

ಎನ್ಜೊ ಹುಟ್ಟಿದ್ದು 1898ರಲ್ಲಿ, ಮೊಡೆನ ನಗರದಲ್ಲಿ. ಅವನ ತಂದೆ ಲೋಹದ ಕೆಲಸದ ಸಣ್ಣ ಕಾರ್ಖಾನೆಯೊಂದನ್ನು ನಡೆಸುತ್ತಿದ್ದನು. ಹುಡುಗನಿಗೆ ಶಾಲೆಯ ಓದು ರುಚಿಸಲಿಲ್ಲ. ಹತ್ತು ವರ್ಷದವನಾಗಿದ್ದಾಗ ತಂದೆಯೊಡನೆ ಬೊಲೊನ್ಯ ನಗರಕ್ಕೆ ಹೋಗಿ ಮೋಟಾರು ಪಂದ್ಯವೊಂದನ್ನು ನೋಡಿದನು. ಧೂಳೆಬ್ಬಿಸಿಕೊಂಡು ಧಾವಿಸುವ ಆ ವಾಹನಗಳು ಅವನ ಮನಸ್ಸನ್ನು ಸೂರೆಗೊಂಡವು. ಆದರೆ ಸುಖದ ದಿನಗಳು ಬಹುಕಾಲ ಉಳಿಯಲಿಲ್ಲ. 1916ರಲ್ಲಿ ತಂದೆ ತೀರಿಕೊಂಡನು; ಅದೇ ವರ್ಷ ಅಣ್ಣನೂ ತೀರಿಕೊಂಡನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಎನ್ಜೊ ಸೈನ್ಯವನ್ನು ಸೇರಿದಾಗ ಅವನಿಗೆ ದೊರೆತ ಕೆಲಸ ಹೇಸರಗತ್ತೆಗಳಿಗೆ ಲಾಳ ಹೊಡೆಯುವುದು. ಅಲ್ಲಿಯೂ ಕಾಯಿಲೆ ಬಿದ್ದು, ಸೇವೆಯಿಂದ ಬಿಡುಗಡೆ ಹೊಂದಿದನು.

ಯುದ್ಧ ಮುಗಿದ ಚಳಿಗಾಲದಲ್ಲಿ ಅವನು ಶಿಫಾರಸಿನ ಪತ್ರವೊಂದನ್ನು ಹಿಡಿದು ಟ್ಯೂರಿನ್ ನಗರಕ್ಕೆ ಹೋದನು. ಅಲ್ಲಿ ಇಟಲಿಯ ಅತಿ ದೊಡ್ಡ ಕಾರು ಕಾರ್ಖಾನೆಯಾದ ಫಿಯಟ್ ಇತ್ತು. ಸೈನ್ಯದಿಂದ ಮರಳಿದವರಿಗೆಲ್ಲ ಕೆಲಸ ಕೊಡಲು ಸಾಧ್ಯವಿಲ್ಲವೆಂದು ಹೇಳಿ ಅಲ್ಲಿನವರು ಅವನನ್ನು ಹಿಂದಕ್ಕೆ ಕಳುಹಿಸಿದರು. ಕೈಯಲ್ಲಿ ಹಣವಿರಲಿಲ್ಲ; ಮನೆಯಲ್ಲಿ ತಂದೆಯಿರಲಿಲ್ಲ. ಆ ದಿನ ಟ್ಯೂರಿನ್ನಿನ ವಾಲೆಂಟಿನೊ ಉದ್ಯಾನದಲ್ಲಿ ಹಿಮ ಮುಸುಕಿದ ಬೆಂಚೊಂದರ ಮೇಲೆ ಕುಳಿತು ತಾನು ಅತ್ತುದಾಗಿ ಎನ್ಜೊ ಮುಂದೆ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆ ಬೆಂಚನ್ನು ಅವನು ಮರೆಯಲಿಲ್ಲ.

ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ ಎನ್ಜೊ ಪಂದ್ಯದ ಚಾಲಕನಾದನು. 1920ರಲ್ಲಿ ಆಲ್ಫಾ ರೋಮಿಯೊ ಸಂಸ್ಥೆಯ ಕಾರುಗಳನ್ನು ಓಡಿಸತೊಡಗಿದನು. 1923ರಲ್ಲಿ ರವೆನ್ನ ನಗರದ ಸಮೀಪದಲ್ಲಿ ಒಂದು ಪಂದ್ಯವನ್ನು ಗೆದ್ದಾಗ, ಯುದ್ಧದಲ್ಲಿ ಮಡಿದ ಪ್ರಸಿದ್ಧ ವಿಮಾನ ಯೋಧ ಫ್ರಾಂಚೆಸ್ಕೊ ಬರಾಕ್ಕನ ತಂದೆತಾಯಿಗಳ ಪರಿಚಯ ಅವನಿಗಾಯಿತು. ಆ ಯೋಧನ ವಿಮಾನದ ಮೇಲೆ ಮುಂಗಾಲೆತ್ತಿದ ಕುದುರೆಯ ಚಿತ್ರವಿತ್ತು. ಅದನ್ನು ತನ್ನ ಕಾರಿನ ಮೇಲೆ ಧರಿಸಿದರೆ ಶುಭವಾಗುವುದೆಂದು ಮಗನನ್ನು ಕಳೆದುಕೊಂಡ ಆ ತಾಯಿ ಹೇಳಿದಳು. ಎನ್ಜೊ ಆ ಕಪ್ಪು ಕುದುರೆಯನ್ನು ಸ್ವೀಕರಿಸಿ, ಅದರ ಹಿಂದೆ ತನ್ನ ಊರಾದ ಮೊಡೆನದ ಹಳದಿ ಬಣ್ಣವನ್ನು ಸೇರಿಸಿದನು.

1929ರಲ್ಲಿ ಅವನು ‘ಸ್ಕುದೆರಿಯ ಫೆರಾರಿ’ ಎಂಬ ತಂಡವನ್ನು ಕಟ್ಟಿದನು. ಸ್ಕುದೆರಿಯ ಎಂದರೆ ಕುದುರೆ ಲಾಯ. ಈ ತಂಡ ಸ್ವಂತ ಕಾರುಗಳನ್ನು ತಯಾರಿಸುತ್ತಿರಲಿಲ್ಲ. ಆಲ್ಫಾ ರೋಮಿಯೊ ಕಾರುಗಳನ್ನು ಪಂದ್ಯಗಳಿಗೆ ಅಣಿಗೊಳಿಸಿ ಓಡಿಸುತ್ತಿತ್ತು. ಹತ್ತು ವರ್ಷಗಳ ಬಳಿಕ, 1939ರಲ್ಲಿ, ಭಿನ್ನಾಭಿಪ್ರಾಯಗಳುಂಟಾಗಿ ಎನ್ಜೊ ಆ ಸಂಸ್ಥೆಯಿಂದ ಹೊರಬಂದನು. ನಾಲ್ಕು ವರ್ಷಗಳ ಕಾಲ ಪಂದ್ಯಗಳಲ್ಲಿ ತನ್ನ ಹೆಸರನ್ನೇ ಬಳಸಕೂಡದೆಂಬ ಕರಾರಿಗೆ ಅವನು ಒಪ್ಪಬೇಕಾಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಪಂದ್ಯಗಳು ನಿಂತವು. ಎನ್ಜೊ ಯಂತ್ರೋಪಕರಣಗಳನ್ನು ತಯಾರಿಸುತ್ತ ಕಾಲ ಕಳೆದನು. 1943ರಲ್ಲಿ ಕಾರ್ಖಾನೆಯನ್ನು ಮಾರನೆಲ್ಲೊಗೆ ಸಾಗಿಸಿದನು. ಅಲ್ಲಿಯೂ ಬಾಂಬುಗಳು ಬಿದ್ದವು. ಯುದ್ಧ ಮುಗಿದಾಗ ಕಾರ್ಖಾನೆಯನ್ನು ದುರಸ್ತಿಗೊಳಿಸಿ ಮತ್ತೆ ಮೊದಲಿನಿಂದ ಕೆಲಸ ಪ್ರಾರಂಭಿಸಬೇಕಾಯಿತು.

ಫೆರಾರಿ ಎಂಬ ಹೆಸರನ್ನು ಹೊತ್ತ ಮೊದಲನೆಯ ಕಾರು 1947ರ ಮಾರ್ಚ್ 12ರಂದು ಕಾರ್ಖಾನೆಯ ಬಾಗಿಲನ್ನು ದಾಟಿ ರಸ್ತೆಗಿಳಿಯಿತು. ಅದರ ಎಂಜಿನ್ನಿನಲ್ಲಿ ಹನ್ನೆರಡು ಸಿಲಿಂಡರುಗಳಿದ್ದವು. ಸಾಮಾನ್ಯ ಕಾರಿಗೆ ನಾಲ್ಕು ಸಿಲಿಂಡರುಗಳು ಸಾಕು. ಹಾಗಿರುವಾಗ ಹನ್ನೆರಡೇಕೆ? ಎಂಜಿನ್ನಿನ ಒಟ್ಟು ಗಾತ್ರವನ್ನು ಅನೇಕ ಸಣ್ಣ ಸಿಲಿಂಡರುಗಳಿಗೆ ಹಂಚಿದರೆ ಒಂದೊಂದು ಪಿಸ್ಟನ್ನೂ ಹಗುರವಾಗುತ್ತದೆ. ಅದು ಚಲಿಸಬೇಕಾದ ದೂರವೂ ಕಡಿಮೆಯಾಗುತ್ತದೆ. ಆದುದರಿಂದ ಎಂಜಿನ್ ಹೆಚ್ಚು ವೇಗವಾಗಿ ಸುತ್ತಬಲ್ಲದು. ಶಕ್ತಿಯೂ ಎಡೆಬಿಡದೆ ನಯವಾಗಿ ಹರಿದುಬರುತ್ತದೆ. ಈ ಕಾರಿನ ಎಂಜಿನ್ನಿನ ಗಾತ್ರ ಸುಮಾರು 1,500 ಘನ ಸೆಂಟಿಮೀಟರ್. ಅದನ್ನು ಹನ್ನೆರಡರಿಂದ ಭಾಗಿಸಿದರೆ ಒಂದು ಸಿಲಿಂಡರಿಗೆ 125 ಬರುತ್ತದೆ. ಕಾರಿಗೆ ‘125 ಎಸ್’ ಎಂಬ ಹೆಸರು ಬಂದುದು ಹೀಗೆ. ಮೇ ತಿಂಗಳ 11ರಂದು ನಡೆದ ಮೊದಲ ಪಂದ್ಯದಲ್ಲಿ ಈ ಕಾರು ಎಲ್ಲರಿಗಿಂತ ಮುಂದಿದ್ದಾಗಲೇ ಕೆಟ್ಟು ನಿಂತಿತು. ಎರಡು ವಾರಗಳ ಅನಂತರ ರೋಮ್ ನಗರದಲ್ಲಿ ಗೆದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಟ್ಯೂರಿನ್ನಿನ ವಾಲೆಂಟಿನೊ ಉದ್ಯಾನದ ಪಂದ್ಯದಲ್ಲಿಯೂ ಫೆರಾರಿ ಕಾರೇ ಗೆದ್ದಿತು. ಅಂದು ಎನ್ಜೊ ಜನಸಂದಣಿಯಿಂದ ದೂರ ಸರಿದು, ಇಪ್ಪತ್ತೆಂಟು ವರ್ಷಗಳ ಹಿಂದಿನ ಅದೇ ಬೆಂಚಿನ ಮೇಲೆ ಹೋಗಿ ಕುಳಿತನು. ಆಗಲೂ ಅವನ ಕಣ್ಣುಗಳು ತೇವಗೊಂಡವು. ಆದರೆ ಆ ಕಣ್ಣೀರಿನ ರುಚಿ ಬೇರೆಯಾಗಿತ್ತು.

ಮುಂದೆ ಗೆಲುವುಗಳು ಒಂದರ ಮೇಲೊಂದು ಬಂದವು. 1949ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಫೆರಾರಿ ಜಯಿಸಿತು. 1951ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ, ಫಾರ್ಮುಲಾ ಒನ್ ವಿಶ್ವ ಸ್ಪರ್ಧೆಯಲ್ಲಿ ತನ್ನ ಪ್ರಥಮ ಜಯವನ್ನು ಪಡೆಯಿತು. ಅಂದು ಸೋತವರು ಬೇರೆ ಯಾರೂ ಅಲ್ಲ, ಆಲ್ಫಾ ರೋಮಿಯೊದವರು. ತನ್ನನ್ನು ಸಾಕಿದ ತಾಯಿಯನ್ನೇ ಕೊಂದಂತಾಯಿತೆಂದು ಎನ್ಜೊ ಸಂತೋಷದ ನಡುವೆಯೂ ಮರುಗಿದನು. 1952 ಮತ್ತು 1953ರಲ್ಲಿ ಆಲ್ಬರ್ಟೊ ಅಸ್ಕಾರಿ ಫೆರಾರಿ ಕಾರಿನಲ್ಲಿ ವಿಶ್ವ ವಿಜೇತನಾದನು.

ಇಲ್ಲಿ ಫೆರಾರಿಯ ವ್ಯಾಪಾರದ ಒಂದು ವಿಶೇಷವನ್ನು ಗಮನಿಸಬೇಕು. ಇತರ ತಯಾರಕರು ಕಾರುಗಳನ್ನು ಮಾರುವುದಕ್ಕಾಗಿ ಪಂದ್ಯಗಳಲ್ಲಿ ಭಾಗವಹಿಸುತ್ತಿದ್ದರು. ಎನ್ಜೊ ಪಂದ್ಯಗಳಲ್ಲಿ ಭಾಗವಹಿಸುವುದಕ್ಕಾಗಿ ಕಾರುಗಳನ್ನು ಮಾರುತ್ತಿದ್ದನು. ಪಂದ್ಯದ ಖರ್ಚು ಅಪಾರ. ಆ ಹಣವನ್ನು ಒದಗಿಸಲು ಅವನು ರಸ್ತೆಯ ಮೇಲೆ ಓಡುವ ಕೆಲವೇ ಕಾರುಗಳನ್ನು ತಯಾರಿಸಿ ಶ್ರೀಮಂತರಿಗೆ ದುಬಾರಿ ಬೆಲೆಗೆ ಮಾರಿದನು. ಪಿನಿನ್‌ಫರೀನ ಎಂಬ ಪ್ರಸಿದ್ಧ ವಿನ್ಯಾಸ ಸಂಸ್ಥೆ ಅವುಗಳಿಗೆ ಸುಂದರವಾದ ರೂಪವನ್ನು ಕೊಟ್ಟಿತು. ಅರಸರೂ ಚಲನಚಿತ್ರ ತಾರೆಯರೂ ಅವುಗಳನ್ನು ಕೊಂಡರು. ಪಂದ್ಯದ ಗೆಲುವೇ ಆ ಕಾರುಗಳಿಗೆ ಜಾಹೀರಾತಾಯಿತು.

ಆದರೆ ವೇಗಕ್ಕೆ ತೆರಬೇಕಾದ ಬೆಲೆ ಹಣವೊಂದೇ ಅಲ್ಲ. 1956ರಲ್ಲಿ ಎನ್ಜೊನ ಮಗ ಡಿನೊ ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿಂದ ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ಮರುವರ್ಷ ಮೇ ತಿಂಗಳಿನಲ್ಲಿ ಮಿಲ್ಲೆ ಮಿಲಿಯ ಎಂಬ ಪಂದ್ಯ ನಡೆಯಿತು. ಅದು ಊರುಗಳ ನಡುವಿನ ಸಾರ್ವಜನಿಕ ರಸ್ತೆಗಳ ಮೇಲೆಯೇ ನಡೆಯುವ ಸಾವಿರ ಮೈಲಿಗಳ ಓಟ. ಗ್ವಿದಿತ್ಸೊಲೊ ಎಂಬ ಹಳ್ಳಿಯ ಬಳಿ ಫೆರಾರಿ ಕಾರೊಂದರ ಟೈರು ಸಿಡಿದು, ಕಾರು ಪ್ರೇಕ್ಷಕರ ಮೇಲೆ ಎರಗಿತು. ಚಾಲಕನೂ ಅವನ ಜೊತೆಗಾರನೂ ಸತ್ತರು; ರಸ್ತೆಯ ಅಂಚಿನಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ಮಂದಿಯೂ ಸತ್ತರು. ಅವರಲ್ಲಿ ಐವರು ಮಕ್ಕಳು. ಎನ್ಜೊನ ಮೇಲೆ ಮೊಕದ್ದಮೆ ಹೂಡಲಾಯಿತು. 1961ರಲ್ಲಿ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ತೆರೆದ ರಸ್ತೆಯ ಆ ವೇಗದ ಓಟ ಶಾಶ್ವತವಾಗಿ ನಿಂತಿತು. ಮುಂದಿನ ವರ್ಷಗಳಲ್ಲಿ ಕಾರುಗಳಲ್ಲಿಯೂ ಪಂದ್ಯದ ಪಥಗಳಲ್ಲಿಯೂ ಸುರಕ್ಷತೆಯ ಏರ್ಪಾಡುಗಳು ಹೆಚ್ಚಿದುದು ಇಂತಹ ಸಾವುಗಳು ಕಲಿಸಿದ ಪಾಠದಿಂದಲೇ. ಫೆರಾರಿಯ ಕೀರ್ತಿಯನ್ನು ಎಣಿಸುವಾಗ ಈ ಸಾವುಗಳನ್ನು ಲೆಕ್ಕದಿಂದ ಬಿಡುವಂತಿಲ್ಲ.

ಅರವತ್ತರ ದಶಕದಲ್ಲಿ ಹಣದ ಅಡಚಣೆ ತಲೆದೋರಿತು. ಅಮೆರಿಕದ ಫೋರ್ಡ್ ಸಂಸ್ಥೆ ಫೆರಾರಿಯನ್ನು ಕೊಂಡುಕೊಳ್ಳಲು 1963ರಲ್ಲಿ ಮುಂದೆ ಬಂದಿತು. ಮಾತುಕತೆ ಕೊನೆಯ ಹಂತವನ್ನು ಮುಟ್ಟಿತು. ಆದರೆ ಪಂದ್ಯದ ಖರ್ಚಿಗೆ ತಾನು ಅಮೆರಿಕದವರ ಅಪ್ಪಣೆಯನ್ನು ಕಾಯಬೇಕಾಗುವುದೆಂದು ತಿಳಿದಾಗ ಎನ್ಜೊ ಒಪ್ಪಂದವನ್ನು ಮುರಿದನು. ಅವಮಾನಗೊಂಡ ಫೋರ್ಡ್ ಸಂಸ್ಥೆ ಹೊಸ ಕಾರನ್ನು ಸಿದ್ಧಪಡಿಸಿ, 1966ರಿಂದ ನಾಲ್ಕು ವರ್ಷ ಸತತವಾಗಿ ಲ ಮಾನ್ ಪಂದ್ಯವನ್ನು ಗೆದ್ದಿತು. ಕಡೆಗೆ 1969ರಲ್ಲಿ ಫೆರಾರಿಯ ಅರ್ಧದಷ್ಟು ಷೇರುಗಳನ್ನು ಫಿಯಟ್ ಸಂಸ್ಥೆ ಕೊಂಡುಕೊಂಡಿತು. ರಸ್ತೆಯ ಕಾರುಗಳ ತಯಾರಿಕೆ ಫಿಯಟ್‌ನ ಹೊಣೆಯಾಯಿತು. ಪಂದ್ಯದ ತಂಡ ಎನ್ಜೊನ ಕೈಯಲ್ಲಿಯೇ ಉಳಿಯಿತು. ಒಮ್ಮೆ ಕೆಲಸ ಕೇಳಿ ಬಂದವನನ್ನು ಬಾಗಿಲಿನಿಂದಲೇ ಕಳುಹಿಸಿದ ಸಂಸ್ಥೆ, ಐವತ್ತು ವರ್ಷಗಳ ಬಳಿಕ ಅವನೊಡನೆ ಪಾಲುದಾರಿಕೆಗೆ ಕುಳಿತಿತು! ವಿಧಿಯ ಆಟ ವಿಚಿತ್ರವಾದುದು.

ಎನ್ಜೊ 1988ರ ಆಗಸ್ಟ್ 14ರಂದು, ತೊಂಬತ್ತನೆಯ ವಯಸ್ಸಿನಲ್ಲಿ ನಿಧನನಾದನು. ಆ ಬಳಿಕ ಕೆಲವು ವರ್ಷಗಳು ಕಷ್ಟದಲ್ಲಿ ಕಳೆದವು. ಮಾರಾಟ ಕುಸಿಯಿತು, ಪಂದ್ಯಗಳಲ್ಲಿ ಸೋಲುಗಳೇ ಹೆಚ್ಚಾದವು. 1991ರಲ್ಲಿ ಅಧ್ಯಕ್ಷನಾಗಿ ಬಂದ ಲೂಕ ದಿ ಮೊಂತೆಜೆಮೊಲೊ ಕಾರುಗಳ ಗುಣಮಟ್ಟವನ್ನು ಸುಧಾರಿಸಿ, ತಂಡವನ್ನು ಹೊಸದಾಗಿ ಕಟ್ಟಿದನು. 1996ರಲ್ಲಿ ತಂಡವನ್ನು ಸೇರಿದ ಜರ್ಮನಿಯ ಮೈಕೆಲ್ ಶುಮಾಕರ್ 2000ದಿಂದ 2004ರ ವರೆಗೆ ಸತತವಾಗಿ ಐದು ಬಾರಿ ವಿಶ್ವ ವಿಜೇತನಾದನು. 2015ರಲ್ಲಿ ಫೆರಾರಿಯ ಷೇರುಗಳು ನ್ಯೂಯಾರ್ಕಿನ ಷೇರುಪೇಟೆಗೆ ಬಂದವು. ಮರುವರ್ಷದ ಆರಂಭದಲ್ಲಿ ಅದು ಫಿಯಟ್ ಬಳಗದಿಂದ ಬೇರ್ಪಟ್ಟು ಪ್ರತ್ಯೇಕ ಸಂಸ್ಥೆಯಾಯಿತು.

ಇನ್ನು ಪೇಟೆಯಲ್ಲಿ ಅದರ ಸ್ಥಾನವನ್ನು ನೋಡೋಣ. 2024ರಲ್ಲಿ ಫೆರಾರಿ ಮಾರಿದ ಕಾರುಗಳು 13,752. ಜಪಾನಿನ ಟೊಯೋಟ ಬಳಗ ಅದೇ ವರ್ಷ ಒಂದು ಕೋಟಿಗಿಂತ ಹೆಚ್ಚು ವಾಹನಗಳನ್ನು ಮಾರಿತು. ಎಂದರೆ ಫೆರಾರಿಯ ಒಂದು ವರ್ಷದ ವ್ಯಾಪಾರ, ಸಂಖ್ಯೆಯಲ್ಲಿ, ಟೊಯೋಟದ ಒಂದು ದಿನದ ವ್ಯಾಪಾರಕ್ಕೂ ಸಮನಲ್ಲ. ಆದರೂ ಆ ವರ್ಷ ಫೆರಾರಿಯ ಆದಾಯ 660 ಕೋಟಿ ಯೂರೋಗಳನ್ನು ಮೀರಿತು. ನಿವ್ವಳ ಲಾಭವೇ 150 ಕೋಟಿ ಯೂರೋಗಳಿಗಿಂತ ಹೆಚ್ಚು. ಅದರ ಷೇರುಗಳ ಒಟ್ಟು ಮೌಲ್ಯವು ವರ್ಷಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಮಾರುವ ಫೋರ್ಡ್ ಸಂಸ್ಥೆಯ ಷೇರುಗಳ ಮೌಲ್ಯವನ್ನೂ ಮೀರಿತ್ತು.

ಇದರ ಗುಟ್ಟೇನು? ಬೇಡಿಕೆಗಿಂತ ಒಂದು ಕಾರನ್ನು ಕಡಿಮೆ ತಯಾರಿಸಬೇಕು ಎಂಬುದು ಎನ್ಜೊನ ನೀತಿಯಾಗಿತ್ತು. ಸಾಮಾನ್ಯ ತಯಾರಕನು ಹೆಚ್ಚು ಹೆಚ್ಚು ಮಾರಿ, ಒಂದೊಂದು ಕಾರಿನ ಮೇಲೆ ಸ್ವಲ್ಪ ಸ್ವಲ್ಪ ಲಾಭ ಗಳಿಸುತ್ತಾನೆ. ಫೆರಾರಿಯ ದಾರಿ ಇದಕ್ಕೆ ವಿರುದ್ಧ. ಕೊಳ್ಳುವವನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕು. ವಸ್ತು ವಿರಳವಾದಷ್ಟೂ ಅದರ ಬೆಲೆ ಏರುತ್ತದೆ, ಹಳೆಯದಾದರೂ ಇಳಿಯುವುದಿಲ್ಲ. 1962ರಿಂದ 1964ರ ವರೆಗೆ ತಯಾರಾದ ‘250 ಜಿ.ಟಿ.ಒ.’ ಎಂಬ ಕಾರುಗಳ ಸಂಖ್ಯೆ ಕೇವಲ 36. ಅವುಗಳಲ್ಲಿ ಒಂದು 2018ರ ಹರಾಜಿನಲ್ಲಿ 4 ಕೋಟಿ 80 ಲಕ್ಷ ಡಾಲರುಗಳಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ಆದರೆ ಈ ನೀತಿ ಕತ್ತಿಯ ಅಲಗಿನ ಮೇಲಿನ ನಡಿಗೆ. ಹೆಚ್ಚು ಕಾರುಗಳನ್ನು ಮಾರಿದರೆ ಲಾಭ ಹೆಚ್ಚೀತು, ಆದರೆ ವಿರಳತೆಯ ಗೌರವ ಕುಂದೀತು. ಮಾರಾಟ 2013ರಲ್ಲಿ ಏಳು ಸಾವಿರವನ್ನು ಮುಟ್ಟದಂತೆ ತಡೆದಿದ್ದ ಸಂಸ್ಥೆ 2019ರಲ್ಲಿ ಹತ್ತು ಸಾವಿರವನ್ನು ದಾಟಿತು. 2022ರಲ್ಲಿ ತನ್ನ ಪ್ರಥಮ ನಾಲ್ಕು ಬಾಗಿಲಿನ ಕಾರನ್ನು ಹೊರತಂದಾಗ, ಅದರ ಸಂಖ್ಯೆಗೂ ಒಂದು ಮಿತಿಯನ್ನು ವಿಧಿಸಿಕೊಂಡಿತು. ವಾಯುಮಾಲಿನ್ಯದ ಕಾನೂನುಗಳೂ ಬಿಗಿಯಾಗುತ್ತಿವೆ. 2024ರಲ್ಲಿ ಮಾರಾಟವಾದ ಫೆರಾರಿಗಳಲ್ಲಿ ಸುಮಾರು ಅರ್ಧದಷ್ಟು ಪೆಟ್ರೋಲಿನೊಡನೆ ವಿದ್ಯುತ್ತನ್ನೂ ಬಳಸುವಂಥವು. ಹನ್ನೆರಡು ಸಿಲಿಂಡರುಗಳ ಗರ್ಜನೆಯಿಂದಲೇ ಹೆಸರಾದ ಸಂಸ್ಥೆಗೆ ಸದ್ದಿಲ್ಲದ ವಿದ್ಯುತ್ತಿನ ಕಾಲ ದೊಡ್ಡ ಪರೀಕ್ಷೆಯೇ ಸರಿ.

ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ 2007ರ ಬಳಿಕ 2025ರ ವರೆಗೂ ಫೆರಾರಿಯ ಯಾವ ಚಾಲಕನೂ ವಿಶ್ವ ವಿಜೇತನಾಗಲಿಲ್ಲ. ಆದರೆ 2023ರಲ್ಲಿ, ಐವತ್ತೆಂಟು ವರ್ಷಗಳ ನಂತರ, ಲ ಮಾನ್ ಪಂದ್ಯವನ್ನು ಅದು ಮತ್ತೆ ಗೆದ್ದಿತು. ಸೋತಾಗ ಮತ್ತೆ ಸ್ಪರ್ಧೆಗೆ ಇಳಿಯುವುದು ಅದರ ಹುಟ್ಟುಗುಣ. ಫೆರಾರಿ ಕಾರನ್ನು ಕೊಳ್ಳಬಲ್ಲವರು ಜಗತ್ತಿನಲ್ಲಿ ಬಹು ಕೆಲವರು. ಅದರ ವೇಗ ದಿನನಿತ್ಯದ ಬಾಳಿಗೆ ಬೇಕಾದುದೂ ಅಲ್ಲ. ಮಾರನೆಲ್ಲೊದ ಗಂಟೆಯ ನಾದಕ್ಕೆ ಕಿವಿಗೊಡುವವರಲ್ಲಿಯೂ ಬಹುಪಾಲು ಜನ ಆ ಕಾರಿನ ಒಡೆಯರಲ್ಲ. ಅದನ್ನು ದುಡಿದು ರೂಪಿಸಿದ ಕೆಲಸಗಾರರು, ಅವರ ಮಡದಿ ಮಕ್ಕಳು, ನೆರೆಹೊರೆಯವರು. ಚಳಿಗಾಲದ ಒಂದು ದಿನ ಬೆಂಚಿನ ಮೇಲೆ ಕುಳಿತು ಅತ್ತ ಯುವಕನ ಹಟ ಇಂದು ಒಂದು ಊರಿನ ಅನ್ನವೂ ಅಭಿಮಾನವೂ ಆಗಿದೆ.