ಗೇರುಗುಡ್ಡದ ಬುಡದ ಸ್ವರ್ಗ

ಮಂಗಳೂರಿನ ಮಣ್ಣಗುಡ್ಡದಿಂದ ಹೊರಟರೆ ಐವತ್ತು ಕಿಲೊಮೀಟರ್ ಆಸುಪಾಸಿನಲ್ಲಿ ಸ್ವರ್ಗ ಸಿಗುತ್ತದೆ. ತಮಾಷೆಯಲ್ಲ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಆ ಹೆಸರಿನ ಊರೇ ಇದೆ. ತುಳು, ಕನ್ನಡ, ಮರಾಟಿ ಆಡುವ ಜನ. ಅವರ ಸಂಕಟ ಕಾದಂಬರಿಯಾದದ್ದು ಮಾತ್ರ ಮಲಯಾಳದಲ್ಲಿ.

ಪಡ್ರೆಯಲ್ಲಿ ಗೇರುತೋಪು ಗುಡ್ಡದ ನೆತ್ತಿಗೆ, ಮನೆ, ತೋಟ ಬುಡಕ್ಕೆ. ಕುಡಿಯುವ ನೀರೂ ಅದೇ ಗುಡ್ಡದ ಹೊಟ್ಟೆ ಕೊರೆದ ಸುರಂಗಗಳಿಂದ ಬರುವಂಥದ್ದು. ಗೇರಿಗೆ ಟೀ ಸೊಳ್ಳೆ ಎಂಬ ಕೀಟದ ಕಾಟವೆಂದು ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಎಂಡೋಸಲ್ಫಾನ್ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸುರಿಯಿತು, 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ. ಗುಡ್ಡದ ಮೇಲೆ ಬಿದ್ದದ್ದು ಎಲ್ಲಿಗೆ ಇಳಿಯುತ್ತದೆ ಎಂದು ಕೇಳಲು ವಿಜ್ಞಾನಿಯೇ ಬೇಕಿರಲಿಲ್ಲ. ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ ಬರೆದದ್ದು 1979ರ ಸುಮಾರಿಗೆ. ಎಂಬತ್ತರ ದಶಕದಲ್ಲಿ ಅಲ್ಲಿ ವೈದ್ಯರಾಗಿ ನೆಲೆಸಿದ ಡಾ. ವೈ.ಎಸ್. ಮೋಹನ್ ಕುಮಾರ್, ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಹೇಗೆ ಎಂದು ಲೆಕ್ಕ ಇಡತೊಡಗಿದರು. ಊರವರು ಜಟಾಧಾರಿ ದೈವದ ಮುನಿಸು ಎಂದುಕೊಂಡಿದ್ದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ ಸಿಂಪಡಣೆ ನಿಲ್ಲಿಸಿದರು.

ಇಷ್ಟಾದರೂ ಅದು ಗಡಿಮೂಲೆಯ ಗೋಳಾಗಿಯೇ ಉಳಿಯುತ್ತಿತ್ತೇನೋ. ಅದನ್ನು ಇಡೀ ಕೇರಳದ ಮನೆಮಾತು ಮಾಡುವುದರಲ್ಲಿ ಕಲೆಯವರ ಕೈ ದೊಡ್ಡದು ಎಂಬುದು ನನ್ನ ನಂಬಿಕೆ. ಎಂ.ಎ. ರಹಮಾನ್ ಸಾಕ್ಷ್ಯಚಿತ್ರ ಮಾಡಿದರು. ಮಾತೃಭೂಮಿ ಪತ್ರಿಕೆಯ ಮಧುರಾಜ್ ತೆಗೆದ ಫೋಟೊಗಳು ಮನೆಮನೆ ಹೊಕ್ಕವು, ಮುಂದೆ ಡಾ. ಬಿಜು ಇದೇ ಸಂಕಟದ ಬಗ್ಗೆ ಮಾಡಿದ ಸಿನಿಮಾದ ನಾಯಕನೂ ಒಬ್ಬ ಫೋಟೊಗ್ರಾಫರನೇ ಆದ. ಕಾಞಂಗಾಡಿನ ನೆಹರೂ ಕಾಲೇಜಿನಲ್ಲಿ ಮಲಯಾಳ ಕಲಿಸುತ್ತಿದ್ದ ಅಂಬಿಕಾಸುತನ್ ಮಾಙಾಡ್ 2009ರಲ್ಲಿ ‘ಎಣ್ಮಕಜೆ’ ಕಾದಂಬರಿ ತಂದರು. ಪುರಾಣವನ್ನೂ ವರದಿಯನ್ನೂ ಬೆಸೆದ ಪುಸ್ತಕ, ಕನ್ನಡಕ್ಕೂ ಬಂದಿದೆ. ಮೇಷ್ಟ್ರು ಬರೆದು ಸುಮ್ಮನೆ ಕೂರಲಿಲ್ಲ, ಚಳವಳಿಯಲ್ಲೂ ಓಡಾಡಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು.

ಆದರೆ ಕ್ಯಾಮೆರಾ ಬಂದಲ್ಲೆಲ್ಲ ಮಗು ಪೋಸ್ಟರ್ ಆಗುವ ಅಪಾಯವೂ ಉಂಟು. ನೋಡಿದವರು ಕಣ್ಣೊರೆಸಿಕೊಂಡು ಹೋಗುತ್ತಾರೆ, ತಾಯಿ ಅಲ್ಲೇ ಇರುತ್ತಾಳೆ. ಅದಕ್ಕೇ ನನಗೆ ಆ ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಉಪವಾಸ ಕೂತದ್ದು ಯಾವ ಚಿತ್ರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. ಪೀಡಿತರ ಪರವಾಗಿ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ 2022ರಲ್ಲೂ ಅದೇ ಸೆಕ್ರೆಟೇರಿಯಟ್ ಎದುರು ಉಪವಾಸ ಕೂರಬೇಕಾಯಿತು.

ಇನ್ನು ನಮ್ಮ ಕಡೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರುತೋಪುಗಳ ಮೇಲೂ ಹೆಲಿಕಾಪ್ಟರ್ ಹಾರಿತ್ತು, ನಮ್ಮದೇ ಸರ್ಕಾರದ ಗೇರು ನಿಗಮದ ತೋಪುಗಳವು. ಅಲ್ಲೂ ಜನ ಹೋರಾಡಿದರು, ಪತ್ರಿಕೆಗಳು ಬರೆದವು, ಪರಿಹಾರವೂ ಒಂದಿಷ್ಟು ಬಂತು. ‘ಎಣ್ಮಕಜೆ’ಯಷ್ಟು ದೂರ ಹೋದ ಕೃತಿಯೊಂದು ಕೊಕ್ಕಡದಿಂದ ಹುಟ್ಟಲಿಲ್ಲ. ನಮ್ಮ ಜಿಲ್ಲೆಯ ತುಂಬ ಕಾಲೇಜುಗಳಿವೆ, ವರ್ಷವಿಡೀ ನಾಟಕ, ಯಕ್ಷಗಾನ, ಸಾಹಿತ್ಯ ಸಮ್ಮೇಳನ. ಈ ಹೊರೆ ನಮ್ಮ ಮೇಷ್ಟ್ರುಗಳ ಹೆಗಲಿಗೇಕೆ ಬರಲಿಲ್ಲ?

ಗಡಿಯ ವಿಚಾರವನ್ನೂ ಹೇಳಿಬಿಡಬೇಕು. ಪಡ್ರೆಯವರಿಗೆ ದೊಡ್ಡಾಸ್ಪತ್ರೆಯೆಂದರೆ ಮಂಗಳೂರೇ. 2020ರಲ್ಲಿ ಕೊರೊನಾ ಬಂದಾಗ ನಾವು ಗಡಿ ಮುಚ್ಚಿದೆವು. ಕೆಲವು ರಸ್ತೆಗಳಿಗೆ ಮಣ್ಣೇ ಸುರಿಯಲಾಯಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ವಾಪಸಾದವು. ಪೆರ್ಲದ ಹತ್ತಿರದ ಉಕ್ಕಿನಡ್ಕದಲ್ಲಿ ಕಾಸರಗೋಡಿನ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಅದರ ಬಾಗಿಲು ತೆರೆದದ್ದು 2020ರ ಏಪ್ರಿಲಿನಲ್ಲಿ, ಕೊರೊನಾ ಆಸ್ಪತ್ರೆಯಾಗಿ.