ಅಳಿಸಲಾಗದ ಗೆರೆಯ ತಿಂಗಳು

ಪೆನ್ಸಿಲ್ ಹಿಡಿದವರಿಗೆ ತೀರ್ಮಾನವನ್ನು ಮುಂದೂಡುವ ಅನುಕೂಲವಿದೆ. ಮೂಗು ಉದ್ದವಾಯಿತೇ, ರಬ್ಬರ್ ಪಕ್ಕದಲ್ಲೇ ಇರುತ್ತದೆ. ಮಸಿಯಲ್ಲಿ ಆ ಮಾತಿಲ್ಲ. ಗೆರೆ ಎಲ್ಲಿ ಹುಟ್ಟಬೇಕು, ಎಲ್ಲಿ ದಪ್ಪವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ನಿಬ್ಬು ಕಾಗದ ಮುಟ್ಟುವ ಮೊದಲೇ ಕೈಗೆ ಗೊತ್ತಿರಬೇಕು.

ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ತಮ್ಮ ಕೈಯನ್ನು ಹೀಗೆ ಪಳಗಿಸಿಕೊಳ್ಳಲೆಂದೇ ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಮಸಿಚಿತ್ರ ಬರೆಯುವ ಪಣ ತೊಟ್ಟರು. ಅದೇ ಇಂದು ಜಗತ್ತಿನಾದ್ಯಂತ ಚಿತ್ರಕಾರರು ಕೈಗೊಳ್ಳುವ ‘ಇಂಕ್‌ಟೋಬರ್’. ನಿಯಮಗಳು ಬಿಗಿಯಾಗಿಲ್ಲ. ಮೊದಲು ಪೆನ್ಸಿಲ್‌ನಲ್ಲಿ ಕರಡು ಹಾಕಿಕೊಳ್ಳಬಹುದು; ಮುಗಿಸುವುದು ಮಾತ್ರ ಮಸಿಯಲ್ಲಿ. 2016ರಿಂದ ದಿನಕ್ಕೊಂದು ಪದದ ಪಟ್ಟಿಯೂ ಬರತೊಡಗಿತು. ಆ ವರ್ಷದ ಮೊದಲ ದಿನಗಳ ಪದಗಳು ವೇಗ, ಗದ್ದಲ, ಸಂಗ್ರಹ, ಹಸಿವು, ದುಃಖ.

ಹೆಚ್ಚಿನವರು ಇಲ್ಲಿ ದಿನಕ್ಕೊಂದು ಹೊಸ ಚಿತ್ರ ಹುಡುಕುತ್ತಾರೆ: ವೇಗಕ್ಕೆ ಚಿರತೆ, ಗದ್ದಲಕ್ಕೆ ಡೋಲು. ಮಸಿಯ ಅಭ್ಯಾಸಕ್ಕೆ ಅಷ್ಟು ಸಾಕು. ಆದರೆ ಪಾತ್ರ ಕಟ್ಟುವುದನ್ನು ಕಲಿಯಬೇಕೆಂದಿದ್ದರೆ ತಿಂಗಳಿಡೀ ಒಂದೇ ಪಾತ್ರವನ್ನು ಹಿಡಿದುಕೊಳ್ಳುವುದೇ ಸರಿಯಾದ ದಾರಿ ಎಂಬುದು ನನ್ನ ದೃಢ ನಂಬಿಕೆ. ಒಬ್ಬ ಅಜ್ಜಿಯನ್ನೇ ತೆಗೆದುಕೊಳ್ಳಿ. ಆಕೆ ಓಡುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೋ, ಕೈಯಲ್ಲಿ ಹಿಡಿಯುತ್ತಾಳೋ? ಗದ್ದಲವಾದರೆ ಕಿವಿ ಮುಚ್ಚಿಕೊಳ್ಳುತ್ತಾಳೋ, ತಾನೇ ಎದ್ದು ಗದರುತ್ತಾಳೋ? ಏನನ್ನು ಕೂಡಿಡುತ್ತಾಳೆ? ಹಸಿದಾಗ ಯಾರಿಗಾದರೂ ಹೇಳುತ್ತಾಳೆಯೇ? ಪಟ್ಟಿಯ ಪದಗಳು ಹೀಗೆ ಪಾತ್ರಕ್ಕೆ ಕೇಳುವ ಪ್ರಶ್ನೆಗಳಾಗುತ್ತವೆ. ಮುಖ ಚೆನ್ನಾಗಿ ಮೂಡಿದೆ ಎಂದು ಬೀಗುತ್ತಿದ್ದವರಿಗೆ, ಬೆನ್ನು ತಿರುಗಿಸಿದರೆ ಆಕೆ ಯಾರೆಂದೇ ತಿಳಿಯದು ಎಂಬುದು ಮೊದಲ ವಾರದಲ್ಲೇ ಕಾಣುತ್ತದೆ.

ಅದಕ್ಕೊಂದು ಹಳೆಯ ಪರೀಕ್ಷೆ ಇದೆ. ಪಾತ್ರದ ಒಳಗಿನ ವಿವರಗಳನ್ನೆಲ್ಲ ಬಿಟ್ಟು ಇಡೀ ಆಕೃತಿಯನ್ನು ಕಪ್ಪಾಗಿ ತುಂಬಿಬಿಡಿ. ಬರಿಯ ನೆರಳಿನಲ್ಲೂ ಗುರುತು ಸಿಕ್ಕರೆ ಪಾತ್ರ ನಿಂತಿತು. ಮಸಿಯಲ್ಲಿ ಕೆಲಸ ಮಾಡುವವರಿಗೆ ಈ ಪರೀಕ್ಷೆ ತಾನಾಗಿಯೇ ಒದಗುತ್ತದೆ, ಏಕೆಂದರೆ ಅವರ ಬಳಿ ಇರುವುದು ಕಪ್ಪು ಮತ್ತು ಬಿಳಿ ಮಾತ್ರ. ಬಣ್ಣದಿಂದ ಮುಚ್ಚಿಕೊಳ್ಳಬಹುದಾದ ದುರ್ಬಲ ಆಕಾರ ಇಲ್ಲಿ ಬಯಲಾಗುತ್ತದೆ.

ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನನ್ನು ನೆನೆಯಿರಿ. ಚೌಕುಳಿ ಕೋಟು, ಧೋತಿ, ಕನ್ನಡಕ, ಬೋಳು ತಲೆಯ ಇಕ್ಕೆಲದಲ್ಲಿ ಒಂದಿಷ್ಟು ಕೂದಲು. ಮೊದಮೊದಲು ಲಕ್ಷ್ಮಣ್ ಜನಸಾಮಾನ್ಯರನ್ನು ತೋರಿಸಲು ಬೇರೆ ಬೇರೆ ಪ್ರಾಂತ್ಯಗಳ ಜನರ ಗುಂಪನ್ನೇ ಬರೆಯುತ್ತಿದ್ದರು. ದಿನಪತ್ರಿಕೆಯ ಗಡುವು ಅಷ್ಟು ಜನರನ್ನು ಬರೆಯಲು ಬಿಡಲಿಲ್ಲ. ಒಬ್ಬೊಬ್ಬರನ್ನೇ ಕೈಬಿಡುತ್ತ ಹೋದಂತೆ ಕೊನೆಗೆ ಉಳಿದವನು ಈತ. ದಿನವೂ ಬರೆಯಲೇಬೇಕೆಂಬ ಒತ್ತಡವೇ ಒಂದು ಪಾತ್ರವನ್ನು ಕಡೆದ ಬಗೆ ಇದು. ಐದು ದಶಕ ಆತ ತುಟಿ ಬಿಚ್ಚಲಿಲ್ಲ. ನಿಂತ ಭಂಗಿ, ಮೇಲೇರಿದ ಹುಬ್ಬು ಇವೇ ಎಲ್ಲವನ್ನೂ ಹೇಳಿದವು. ಪಾತ್ರ ವಿನ್ಯಾಸದ ಪಾಠ ಬೇಕಾದವರು ಆ ಪುಟ್ಟ ಚೌಕಗಳನ್ನು ಎದುರಿಗಿಟ್ಟುಕೊಂಡು ಕೂರಬೇಕು.

ಇನ್ನು ಸಲಕರಣೆ. ದುಬಾರಿಯದೇನೂ ಬೇಡ. ಕಾಗದ ಮಾತ್ರ ನುಣುಪಾಗಿ, ದಪ್ಪಗೆ ಇರಲಿ. ತೆಳು ಹಾಳೆಯಲ್ಲಿ ಮಸಿ ಹಬ್ಬಿ ಗೆರೆಯ ಅಂಚು ಕೆಡುತ್ತದೆ. ಅದ್ದಿ ಬರೆಯುವ ನಿಬ್ಬನ್ನು ನಮ್ಮ ಕಡೆಗೆ ಎಳೆಯಬೇಕು. ಒತ್ತಿದಂತೆ ಅದರ ಸೀಳು ಅಗಲಿ ಗೆರೆ ದಪ್ಪವಾಗುತ್ತದೆ. ಒತ್ತಿ ಹಿಡಿದು ಮೇಲಕ್ಕೆ ತಳ್ಳಿದರೆ ತುದಿ ಕಾಗದಕ್ಕೆ ಸಿಕ್ಕಿ ಮಸಿ ಚಿಮ್ಮುತ್ತದೆ. ಆದ್ದರಿಂದ ತಿರುಗಿಸಬೇಕಾದ್ದು ಕೈಯನ್ನಲ್ಲ, ಹಾಳೆಯನ್ನು. ಬ್ರಷ್ ಪೆನ್ನಿಗೆ ಇನ್ನೂ ಹಗುರ ಕೈ ಬೇಕು. ಅರಗು ಬೆರೆತ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ, ಒಣಗಿ ಕಟ್ಟಿಕೊಳ್ಳುತ್ತದೆ. ಬೆಳಕು ಬೀಳುವ ಕಡೆ ತೆಳು, ನೆರಳಿನ ಕಡೆ ದಪ್ಪ ಗೆರೆ ಎಂಬ ಸರಳ ಸೂತ್ರವೊಂದನ್ನೇ ಪಾಲಿಸಿದರೂ ಆಕೃತಿಗೆ ಮೈ ತುಂಬಿಕೊಳ್ಳುತ್ತದೆ. ಅಡ್ಡ-ಉದ್ದ ಗೆರೆಗಳನ್ನು ಹೆಣೆದು ನೆರಳು ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಮೊದಲು ಒಂದೆರಡು ಕಡೆ ಗಟ್ಟಿ ಕಪ್ಪು ಹಾಕಿ ನೋಡಿ. ಬಹಳ ಸಲ ಅಷ್ಟರಲ್ಲೇ ಚಿತ್ರ ಮುಗಿದಿರುತ್ತದೆ.

ಇಂಥ ಸವಾಲುಗಳು ಇನ್ನೂ ಇವೆ. ಡಿಸ್ನಿಯ ‘ಮುಲಾನ್’ ಚಿತ್ರಕ್ಕೆ ಮುಶು ಎಂಬ ಪುಟ್ಟ ಡ್ರ್ಯಾಗನ್ನನ್ನು ರೂಪಿಸಿದ ಟಾಮ್ ಬ್ಯಾಂಕ್ರಾಫ್ಟ್ ಆರಂಭಿಸಿದ ‘ಮರ್‌ಮೇ’ಯಲ್ಲಿ ಮೇ ತಿಂಗಳಿಡೀ ಮತ್ಸ್ಯಕನ್ಯೆಯರನ್ನೇ ಬರೆಯುತ್ತಾರೆ. ಕಾಲಿಲ್ಲದ, ನೆಲದ ಆಸರೆಯಿಲ್ಲದ ದೇಹದಲ್ಲಿ ಭಾವ ತರುವುದು ಭಂಗಿಯ ಅಭ್ಯಾಸಕ್ಕೆ ಒಳ್ಳೆಯ ಕಸರತ್ತು.

ದಿನವೂ ಆಗದಿದ್ದರೆ? ಪಾರ್ಕರ್ ಅವರೇ ದಿನ ಬಿಟ್ಟು ದಿನ, ಇಲ್ಲವೇ ವಾರಕ್ಕೊಂದು ಬರೆಯುವ ದಾರಿಯನ್ನೂ ಇಟ್ಟಿದ್ದಾರೆ. ಪರೀಕ್ಷೆ, ಪಾಳಿ ಕೆಲಸ, ಎಳೆ ಮಗು ಇರುವವರು ಅದನ್ನು ಸಂಕೋಚವಿಲ್ಲದೆ ಆರಿಸಿಕೊಳ್ಳಲಿ. ಅಕ್ಟೋಬರ್‌ಗೆ ಕಾಯುವ ಅಗತ್ಯವೂ ಇಲ್ಲ. ಪದಗಳ ಪಟ್ಟಿಯನ್ನು ನಾವೇ ಮಾಡಿಕೊಳ್ಳಬಹುದು: ಸಂತೆ, ಜಗಳ, ತೂಕಡಿಕೆ, ಸಾಲ, ತಡವಾದ ಬಸ್ಸು, ಮೊದಲ ಮಳೆ. ಆ ಅಜ್ಜಿ ಈ ಆರರಲ್ಲೂ ಅದೇ ಅಜ್ಜಿಯಾಗಿ ಕಂಡರೆ, ಏಳನೆಯ ಹಾಳೆಯಲ್ಲಿ ಆಕೆಯ ಪಕ್ಕ ಇನ್ನೊಬ್ಬರನ್ನು ಕೂರಿಸಿ.